ಚಹಾ ಕುಡಿದು ಬರೆದ ಹೊಗೆಯ ಲೆಕ್ಕ

ಚಹಾ ಬೇಡ ಎನ್ನುವ ಶಕ್ತಿ ನನಗಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಮುಂದೆ ಹೇಳಲಿರುವ ಭಾನಗಡಿ, ಎಡವಟ್ಟುಗಳಿಗೆಲ್ಲ ಅದೇ ಮೂಲ. ನಮ್ಮ ಗದಗ-ಬೆಟಗೇರಿಯಲ್ಲಿ ಯಾರ ಮನೆಗೆ ಹೋದರೂ ಕೂತ ಕೂಡಲೇ ಚಹಾ ಬರುತ್ತದೆ. ಈಗಷ್ಟೇ ಆಯಿತು ಎಂದರೆ ಅರ್ಧ ಕಪ್ ಎನ್ನುತ್ತಾರೆ. ಆ ಅರ್ಧ ಕಪ್ ಬಸಿ ತುಂಬಿ ಚೆಲ್ಲುವಷ್ಟಿರುತ್ತದೆ. ಬೇಡವೇ ಬೇಡ ಎಂದು ಪಟ್ಟು ಹಿಡಿದರೆ, ನಮಗೆ ಅವರ ಮೇಲೆ ಯಾವ ಸಿಟ್ಟಿದೆ ಎಂದು ವಿಚಾರಿಸತೊಡಗುತ್ತಾರೆ. ಮದುವೆಯಾದ ಹೊಸದರಲ್ಲಿ ಶಿರಹಟ್ಟಿಯ ಅತ್ತೆ ಮನೆಯಲ್ಲಿ ಒಮ್ಮೆ ಬೇಡವೆಂದಿದ್ದೆ. ಅಳಿಯನಿಗೆ ಏನು ಕಡಿಮೆಯಾಯಿತೆಂಬ ಚರ್ಚೆ ಲಕ್ಷ್ಮೇಶ್ವರದ ನೆಂಟರ ಮನೆಯವರೆಗೂ ಹೋಯಿತು. ಅಂದಿನಿಂದ ಕೊಟ್ಟದ್ದನ್ನು ಕುಡಿಯುತ್ತೇನೆ.

ನಗರಸಭೆಯಲ್ಲಿ ನನ್ನ ಕೆಲಸ ಊರಿನ ಹೊಗೆಯನ್ನು ಎಣಿಸುವುದು. ಹೀಗೆಂದರೆ ಜನ ನಗುತ್ತಾರೆ, ಆದರೆ ಕಾಗದದ ಮೇಲೆ ಅದಕ್ಕೆ ‘ಹವಾಮಾನ ಕ್ರಿಯಾ ಯೋಜನೆ’ ಎಂಬ ಘನವಾದ ಹೆಸರಿದೆ. ಊರಿನಲ್ಲಿ ಎಷ್ಟು ಡೀಸೆಲ್ ಸುಡುತ್ತದೆ, ಎಷ್ಟು ಕರೆಂಟು ಖರ್ಚಾಗುತ್ತದೆ, ಕಸದ ಗುಡ್ಡೆ ಎಷ್ಟು ಹೊಗೆಯಾಡುತ್ತದೆ, ಒಲೆಗಳಲ್ಲಿ ಏನು ಉರಿಯುತ್ತದೆ ಎಂಬುದನ್ನೆಲ್ಲ ಕೂಡಿಸಿ, ಇಷ್ಟು ಇಂಗಾಲವನ್ನು ನಾವು ಆಕಾಶಕ್ಕೆ ಬಿಟ್ಟೆವು ಎಂದು ಮೇಲಿನವರಿಗೆ ವರದಿ ಒಪ್ಪಿಸಬೇಕು. ಮುಂಡರಗಿಯಲ್ಲಿ ಒಂದು ತೊಟ್ಟಿಲ ಕಾರ್ಯಕ್ರಮಕ್ಕೆ ಹೋದಾಗ ಹಿರಿಯರೊಬ್ಬರಿಗೆ ಇದನ್ನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕೈಯಲ್ಲಿದ್ದ ಬೀಡಿಯನ್ನು ಮೆಲ್ಲಗೆ ಗೋಡೆಗೆ ಒತ್ತಿ ಆರಿಸಿ, ಇದೊಂದನ್ನು ಬರೆದುಕೊಳ್ಳಬೇಡಿ ಎಂದರು.

ಡೀಸೆಲ್ಲು, ಕರೆಂಟು ಎಲ್ಲ ಕುರ್ಚಿಯಲ್ಲಿ ಕೂತೇ ಸಿಗುವ ಅಂಕಿಗಳು. ಒಲೆಗಳಿಗೆ ಮಾತ್ರ ಮನೆಮನೆ ತಿರುಗಬೇಕಾಯಿತು. ಅಡುಗೆಗೆ ಏನು ಉರಿಸುತ್ತೀರಿ, ಸ್ನಾನದ ನೀರಿಗೆ ಏನು ಉರಿಸುತ್ತೀರಿ ಎಂಬ ಎರಡು ಪ್ರಶ್ನೆಗಳಿದ್ದ ಫಾರ್ಮು. ಮಾದರಿಗೆಂದು ಒಂದನೇ ನಂಬರಿನ ಫಾರ್ಮನ್ನು ನನ್ನ ಮನೆಯ ಹೆಸರಿನಲ್ಲಿ ಕಚೇರಿಯಲ್ಲೇ ಕೂತು ತುಂಬಿದೆ. ಎರಡಕ್ಕೂ ಗ್ಯಾಸ್ ಎಂದು ಗುರುತು ಹಾಕಿದೆ. ಮಾದರಿ ಎಂದ ಮೇಲೆ ಚೊಕ್ಕವಾಗಿರಬೇಕಲ್ಲ. ಆಮೇಲೆ ನನ್ನ ಪಾಲಿಗೆ ಬಂದ ಬೆಟಗೇರಿಯ ಓಣಿಯೊಂದಕ್ಕೆ ಹೊರಟೆ. ಪ್ರತಿ ಮನೆಯ ಪಡಸಾಲೆಯಲ್ಲೂ ನನ್ನನ್ನು ಕೂಡಿಸಿದರು, ಪ್ರತಿ ಮನೆಯಲ್ಲೂ ಒಳಗೆ ಲೈಟರಿನ ಚಟಚಟ ಸದ್ದಾಯಿತು, ಪ್ರತಿ ಮನೆಯಿಂದಲೂ ಚಹಾ ಬಂತು. ಅಡುಗೆ ಯಾತರ ಮೇಲೆ ಎಂದು ಕೇಳುವ ಮೊದಲೇ ಉತ್ತರ ನನ್ನ ಕಿವಿಗೆ ಬಿದ್ದಿತ್ತು. ಎರಡೂ ಪ್ರಶ್ನೆಗೆ ಗ್ಯಾಸ್ ಎಂದು ಗುರುತು ಹಾಕುತ್ತ ಹೋದೆ. ಸಂಜೆ ಹೊಟ್ಟೆ ಉರಿಯುತ್ತಿದ್ದರೂ ಮನಸ್ಸು ತಂಪಾಗಿತ್ತು. ಇಷ್ಟು ಕಡಿಮೆ ಹೊಗೆಯ ಓಣಿ ಊರಿನಲ್ಲೇ ಇರಲಿಲ್ಲ. ನಮ್ಮ ಕಚೇರಿಯ ಮೇಲಧಿಕಾರಿ ಮೇಡಂ, ಅಂಕಿಗಳನ್ನು ತುಂಬಿದ ನನ್ನ ತಖ್ತೆಯನ್ನು ನೋಡಿ, ಬೇರೆ ಓಣಿಗಳೂ ಹೀಗೆ ಸುಧಾರಿಸಬೇಕು ಎಂದರು.

ಸುಧಾರಿಸಲೆಂದೇ, ಹೊಗೆ ಹೊರಹಾಕುವ ಕೊಳವೆ ಇರುವ ಹೊಸ ಕಟ್ಟಿಗೆ ಒಲೆಗಳನ್ನು ಹಂಚುವ ಯೋಜನೆ ಮುಂದೆ ಬಂತು. ಹೊಗೆ ಇರುವ ಮನೆಗಳಿಗೆ ಮಾತ್ರ. ನನ್ನ ತಖ್ತೆಯನ್ನೇ ಹಿಡಿದು ಪಟ್ಟಿ ಮಾಡಿದರು. ಆ ಓಣಿಯ ಒಂದು ಮನೆಯೂ ಅದರಲ್ಲಿರಲಿಲ್ಲ. ಪಟ್ಟಿ ಗೋಡೆಗೆ ಅಂಟಿಸಿದ ಎರಡನೇ ದಿನ ಈರವ್ವ ಎಂಬವರು ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವ ಹೆಂಗಸು. ಕಣ್ಣು ಕೆಂಪಗಿದ್ದವು, ಮಾತಿನ ನಡುವೆ ಕೆಮ್ಮುತ್ತಿದ್ದರು.

“ಸಾಹೇಬ್ರ, ನಮ್ಮನಿಗೆ ಬಂದಿದ್ರಿ, ಚಾ ಕುಡಿದ್ರಿ. ನಮ್ಮ ಓಣ್ಯಾಗ ಹೊಗಿನ ಇಲ್ಲಂತ ಹೆಂಗ ಬರದ್ರಿ?”

“ನೀವು ಗ್ಯಾಸಿನ ಮ್ಯಾಲೆ ಚಾ ಮಾಡಿದ್ರಲ್ಲ, ಈರವ್ವಾರ,” ಎಂದೆ.

“ಮನಿಗೆ ಬಂದವ್ರನ್ನ ಹೊಗ್ಯಾಗ ಕುಂಡ್ರಸ್ತಾರೇನ್ರಿ? ಆ ಸಿಲಿಂಡರ್ ಬಂದವರಿಗಂತನ ಇಟ್ಟೇವಿ. ನಾವು ಉಣ್ಣೂದು, ರೊಟ್ಟಿ ಬಡಿಯೂದು, ಎಲ್ಲಾ ಹಿತ್ತಲದಾಗ ಕಟಗಿ ಒಲಿ ಮ್ಯಾಲ.”

ನನಗೆ ನಾಚಿಕೆಯಾಯಿತು. ಓಣಿಗೆ ಓಣಿಯೇ ನನಗೆ ಮರ್ಯಾದೆ ಮಾಡಿತ್ತು, ಆ ಮರ್ಯಾದೆಯನ್ನೇ ನಾನು ಅಂಕಿ ಮಾಡಿ ಮೇಲಕ್ಕೆ ಕಳಿಸಿದ್ದೆ. ಈ ಹೆಂಗಸಿಗೆ ದಿನವಿಡೀ ಹೊಗೆ ಕುಡಿಯುವುದು ಹಾಗೆಯೇ ಉಳಿಯಲಿತ್ತು, ಅದೂ ನನಗೆ ಚಹಾ ಕೊಟ್ಟ ತಪ್ಪಿಗೆ. ಮೇಡಂ ಮುಂದೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, ಶನಿವಾರದೊಳಗೆ ಮತ್ತೆ ಎಣಿಸಿಕೊಂಡು ಬನ್ನಿ, ಆಮೇಲೆ ಪಟ್ಟಿ ತಿದ್ದಲು ಬರುವುದಿಲ್ಲ ಎಂದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಓಣಿ ಸೇರಿದೆ. ಈ ಸಲ ಪಡಸಾಲೆಗೆ ಕಾಲಿಡದೆ ಸಂದಿಯಿಂದ ನೇರ ಹಿತ್ತಲಿಗೆ ಹೋದೆ. ಹೊಗೆಯಿಲ್ಲದ ಹಿತ್ತಲು ಒಂದೂ ಇರಲಿಲ್ಲ. ಈರವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ಕಂಡು ಗ್ಯಾಸ್ ಹಚ್ಚಲು ಏಳಹೋದರು. ದಮ್ಮಯ್ಯ, ಇವತ್ತು ನನಗೆ ಮರ್ಯಾದೆ ಮಾಡಬೇಡಿ ಎಂದು ಬೇಡಿಕೊಂಡೆ. ಹಾಗಿದ್ದರೆ ಕುಂಡ್ರಿ ಎಂದು ಮಣೆ ಸರಿಸಿ, ಅದೇ ಒಲೆಯ ಮೇಲಿನ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ಕೊಟ್ಟರು. ರೊಟ್ಟಿ ಮುಗಿಯುವುದರೊಳಗೆ ನನ್ನ ಕಣ್ಣು ಮೂಗುಗಳಿಂದ ನೀರು ಇಳಿದು ಫಾರ್ಮಿನ ಮೇಲೆ ಬಿತ್ತು. ಅಷ್ಟು ಖರೆ ಅಂಕಿಗಳನ್ನು ನಾನು ಹಿಂದೆಂದೂ ಬರೆದಿರಲಿಲ್ಲ. ಶನಿವಾರ ಮಧ್ಯಾಹ್ನದೊಳಗೆ ಇಡೀ ಓಣಿ ಪಟ್ಟಿಗೆ ಸೇರಿತು.

ಆದರೆ ಒಂದೇ ಓಣಿಯ ಹೊಗೆ ಒಮ್ಮೆಲೇ ಇಷ್ಟು ಹೆಚ್ಚಿತೆಂದರೆ ಮೇಲಿನವರು ಸುಮ್ಮನಿರುತ್ತಾರೆಯೇ? ಫಾರ್ಮುಗಳು ಖರೆಯೋ ಸುಳ್ಳೋ ನೋಡಲು ಒಬ್ಬ ಅಧಿಕಾರಿಯನ್ನು ಕಳಿಸಿದರು. ಒಂದು ತಪ್ಪು ಸಿಕ್ಕರೂ ಪಟ್ಟಿಯನ್ನೇ ತಡೆಹಿಡಿಯುವುದಾಗಿ ಅವರು ಬಂದ ಕೂಡಲೇ ಹೇಳಿದರು. ಶಿಸ್ತಿನ ಮನುಷ್ಯ. ಒಂದನೇ ನಂಬರಿನಿಂದ ಶುರುಮಾಡೋಣ ಎಂದರು.

ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ತಾಮ್ರದ ಹಂಡೆಯಿದೆ. ಕಟ್ಟಿಗೆ, ತೆಂಗಿನ ಚಿಪ್ಪು, ನಾನು ಕಚೇರಿಯಿಂದ ತರುವ ರದ್ದಿ, ಎಲ್ಲವನ್ನೂ ತಿಂದು ದಿನಾ ಬೆಳಿಗ್ಗೆ ನೀರು ಕಾಸುತ್ತದೆ. ಹಂಡೆಯ ನೀರಿಲ್ಲದೆ ನನಗೆ ಮೈ ಹಗುರಾಗುವುದಿಲ್ಲ. ಬೆಳಿಗ್ಗೆಯೇ ಅಧಿಕಾರಿ ಬಂದು ಪಡಸಾಲೆಯಲ್ಲಿ ಕೂತಾಗಲೂ ಅದರ ಕೆಳಗೆ ಬೆಂಕಿ ಉರಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಒಳಗೆ ಲೈಟರು ಚಟಚಟ ಎಂದಿತು, ನನ್ನ ಹೆಂಡತಿ ಚಹಾ ತಂದಿಟ್ಟಳು. ಅವರು ಬೇಡ ಎಂದರು. ಅರ್ಧ ಕಪ್ ಎಂದಳು. ಅವರು ಅದನ್ನು ಕುಡಿದು ಮುಗಿಸಿ, ಕೂತಲ್ಲಿಂದ ಏಳದೆ, ಗ್ಯಾಸ್ ಸರಿಯಾಗಿದೆ ಎಂದು ಗುರುತು ಹಾಕಿದರು. ಅಷ್ಟರಲ್ಲಿ ಕಿಟಕಿಯಿಂದ ಹೊಗೆಯ ಎಳೆಯೊಂದು ಒಳಗೆ ಬಂತು. ಇದೇನು ಎಂದು ಕಣ್ಣುಜ್ಜಿಕೊಂಡರು.

“ಬಾಜೂ ಮನ್ಯಾವ್ರದ್ ಇರಬೇಕ್ರಿ,” ಎಂದೆ.

ಹೆಂಡತಿ ನನ್ನ ಮುಖ ನೋಡಿ, ಖಾಲಿ ಬಸಿ ತೆಗೆದುಕೊಂಡು ಒಳಗೆ ಹೋದಳು. ತಪ್ಪು ಸಿಕ್ಕರೆ ಈರವ್ವನವರ ಒಲೆ ನಿಲ್ಲುತ್ತಿತ್ತು, ಅದಕ್ಕೇ ಹಾಗೆಂದೆ ಎಂದು ಆಮೇಲೆ ಅವಳಿಗೆ ಹೇಳಿದೆ. ಹಂಗಾರ ನಾಳಿಯಿಂದ ತಣ್ಣೀರ ಹಾಕ್ಕೋರಿ ಎಂದಳು. ಈರವ್ವನವರಿಗೆ ಹೊಸ ಒಲೆ ಬಂದು ತಿಂಗಳಾಯಿತು. ಕೆಮ್ಮು ಕಡಿಮೆಯಾಗಿದೆಯಂತೆ, ಒಮ್ಮೆ ಚಹಾಕ್ಕೆ ಬನ್ನಿ ಎಂದು ಹೇಳಿ ಕಳಿಸಿದ್ದಾರೆ. ನಾನು ಮಾತ್ರ ದಿನಾ ಬೆಳಿಗ್ಗೆ ಲೆಕ್ಕದಲ್ಲಿಲ್ಲದ ಬಿಸಿನೀರಿನಲ್ಲಿ ಸ್ನಾನ ಮಾಡಿ, ಊರಿನ ಹೊಗೆ ಎಣಿಸಲು ಹೋಗುತ್ತೇನೆ.