ಪುಟಪುಟಕ್ಕೂ ನನ್ನ ರುಜು

ಕಾನೂನು ನನಗೆ ಹೊಸದೇನಲ್ಲ. ಶಿಡ್ಲಘಟ್ಟದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತು ಹದಿನೆಂಟು ವರ್ಷ ಊರವರ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನೆಲ್ಲ ದಪ್ಪ ಪುಸ್ತಕಕ್ಕೆ ನಕಲು ಮಾಡಿದವನು ನಾನು. ಅಣ್ಣತಮ್ಮಂದಿರು ಭಾಗವಾಗುವಾಗ ಒಂದೇ ಬಾವಿಯನ್ನು ಮೂರು ಪಾಲು ಮಾಡುವುದು ಹೇಗೆಂದು ಬಲ್ಲೆ. ಅಂಥವನಿಗೆ ಲಾ ಕಾಲೇಜಿನ ಪ್ರವೇಶ ಪರೀಕ್ಷೆ ಯಾವ ಮಹಾ! ಹೀಗೆಂದು ನನ್ನ ನಲವತ್ತಮೂರನೆಯ ವಯಸ್ಸಿನಲ್ಲಿ ನನಗೆ ತೋರಿತು. ತೋರುವಂತೆ ಮಾಡಿದವನು ನಾಗೇಂದ್ರ.

ನಾಗೇಂದ್ರ ನನ್ನ ಷಡ್ಡಕ. ನನ್ನ ಹೆಂಡತಿ ಸಾವಿತ್ರಿಯ ತಂಗಿ ಶಾರದೆಯ ಗಂಡ. ಚಿಂತಾಮಣಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನನಗಿಂತ ಎಂಟು ವರ್ಷ ಚಿಕ್ಕವನು, ನಾಲ್ಕು ಅಂಗುಲ ಹೆಚ್ಚು ಎತ್ತರದವನು, ತಲೆಯ ತುಂಬ ಕೂದಲಿರುವವನು. ಇಷ್ಟನ್ನೂ ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೆ. ಏಕೆಂದರೆ ಮಂಚೇನಹಳ್ಳಿಯ ಮಾವನ ಮನೆಯಲ್ಲಿ ಹಿರಿಯ ಅಳಿಯ ನಾನು. ಮೊದಲ ಎಲೆ ನನಗೆ, ಮೊದಲ ತುಪ್ಪವೂ ನನಗೆ.

ಆ ವರ್ಷದ ಗೌರಿ ಹಬ್ಬದ ಊಟದಲ್ಲಿ ನಾಗೇಂದ್ರ ಒಬ್ಬಟ್ಟು ಮುರಿಯುತ್ತಾ ಸುದ್ದಿಯನ್ನು ಹೊರಗೆ ಬಿಟ್ಟ. ಬೆಂಗಳೂರಿನಲ್ಲೊಂದು ಸಂಜೆ ಲಾ ಕಾಲೇಜು. ಬಿ.ಎ. ಆದವರಿಗೆ ಮಾತ್ರ. ಸೀಟು ಕಡಿಮೆ, ಅರ್ಜಿ ರಾಶಿ, ಅದಕ್ಕೇ ಪ್ರವೇಶ ಪರೀಕ್ಷೆ. ಪಾಸಾದರೆ ಬೆಂಗಳೂರಿಗೆ ವರ್ಗ ಮಾಡಿಸಿಕೊಂಡು ವಕೀಲನಾಗುತ್ತಾನಂತೆ.

"ನಾಲ್ಕು ಭಾಗ ಮಾವ. ಇಂಗ್ಲಿಷು ಒಂದು, ಸಾಮಾನ್ಯ ಜ್ಞಾನ ಒಂದು, ತರ್ಕ ಒಂದು, ಕಾನೂನು ತಿಳಿವಳಿಕೆ ಒಂದು. ಮೂರು ಗಂಟೆ. ಬೋ ಕಷ್ಟ!" ಎಂದು ಮಾವನವರಿಗೆ ವಿವರಿಸಿದ.

"ತರ್ಕ ಅಂದ್ರೆ ಏನು, ಜಗಳ ಆಡೋದಾ?" ಎಂದು ನಾನು ನಕ್ಕೆ.

"ಅಯ್ಯೋ, ನಿಮಗೆ ಬಿಡಿಸಿ ಹೇಳೋದು ಕಷ್ಟ ಅಣ್ಣ. ನಿಮ್ಮದೆಲ್ಲ ನೋಡಿಕೊಂಡು ಬರೆಯೋ ಕೆಲಸ. ಇದಕ್ಕೆ ಯೋಚನೆ ಮಾಡ್ಬೇಕಾಗ್ತದೆ."

ಆ ಕ್ಷಣಕ್ಕೆ ಸರಿಯಾಗಿ ನಮ್ಮ ಅತ್ತೆಯವರು ತುಪ್ಪದ ಮಿಳ್ಳೆ ಹಿಡಿದು ಬಂದರು. ನನ್ನ ಎಲೆ ದಾಟಿ ನೇರ ನಾಗೇಂದ್ರನ ಎಲೆಗೆ ಹೋದರು! "ಓದೋ ಮಗು, ತಂಪಾಗಿರ್ಲಿ" ಎಂದು ಮೂರು ಸಲ ಸುರಿದರು. ಮೂವತ್ತೈದು ವರ್ಷದ ಮಗು ಬೇಡವೆನ್ನಲಿಲ್ಲ. ನನ್ನ ಎಲೆಗೆ ಬರುವ ಹೊತ್ತಿಗೆ ಮಿಳ್ಳೆಯಲ್ಲಿ ಉಳಿದದ್ದು ತುಪ್ಪದ ವಾಸನೆ.

ವಾಪಸ್ಸು ಬಸ್ಸಿನಲ್ಲಿ ಸಾವಿತ್ರಿ ಕಿಟಕಿಯ ಪಕ್ಕ ಕೂತಳು. ಹೊರಗೆ ನೋಡುತ್ತಲೇ ಹೇಳಿದಳು.

"ಶಾರದ ಇನ್ಮೇಲೆ ಲಾಯರಮ್ಮ ಅಂತೆ. ಅಮ್ಮ ಆಗ್ಲೇ ಹಾಗೆ ಕರೀತಾ ಇದ್ರು."

"ಕರೀಲಿ ಬಿಡೇ."

"ನೀವೂ ಬಿ.ಎ. ಅಲ್ವೇನ್ರೀ? ಮದ್ವೆ ಕಾಗದದಲ್ಲಿ ಹಾಕ್ಸಿದ್ರಲ್ಲ!"

ಹಾಕಿಸಿದ್ದು ನಿಜ. ಆ ರಾತ್ರಿಯೆಲ್ಲ ನನಗೆ ನಿದ್ದೆಯಿಲ್ಲ. ಬೆಳಿಗ್ಗೆ ಎದ್ದವನೇ ಅರ್ಜಿ ಬರೆದು ಅಂಚೆಗೆ ಹಾಕಿದೆ. ನಾಗೇಂದ್ರನಿಗೆ ತಿಳಿಸಕೂಡದು ಎಂದು ಸಾವಿತ್ರಿಯಿಂದ ದೇವರ ಮುಂದೆ ಮಾತು ತೆಗೆದುಕೊಂಡೆ. ಪಾಸಾದ ಮೇಲೆ ಮಾವನ ಮನೆಯಲ್ಲಿ, ಎಲೆಯ ಮುಂದೆ ಕೂತು, ತಣ್ಣಗೆ ಹೇಳುವುದು ನನ್ನ ಯೋಜನೆ.

ಓದು ಶುರುವಾಯಿತು. ಸಾಮಾನ್ಯ ಜ್ಞಾನಕ್ಕೆ ಪಕ್ಕದ ಮನೆಯ ಖಾದರ್ ಸಾಹೇಬರನ್ನು ಹಿಡಿದೆ. ರೇಷ್ಮೆ ನೂಲಿನ ವ್ಯಾಪಾರದವರು. ನೂಲು ಸುತ್ತಲು ಹಳೆಯ ಪತ್ರಿಕೆಗಳನ್ನು ಕಟ್ಟುಗಟ್ಟಲೆ ತರಿಸುತ್ತಿದ್ದರು. ಒಂದು ಕಟ್ಟನ್ನು ಪೂರ್ತಿ ಬಾಯಿಪಾಠ ಮಾಡಿದೆ.

"ಗುಮಾಸ್ತರೇ, ಅದು ಎರಡು ವರ್ಷದ ಹಿಂದಿಂದು" ಎಂದರು ಸಾಹೇಬರು, ಪರೀಕ್ಷೆಯ ಹಿಂದಿನ ದಿನ. "ಹೋದ ವಾರದ್ದು ಬೇಕಿತ್ತಾ? ಮೊದಲೇ ಹೇಳೋದಲ್ವಾ ಸ್ವಾಮಿ!"

ಪರೀಕ್ಷೆಯ ದಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋದೆ. ಗುರುತು ಸಿಗಬಾರದೆಂದು ಹಲ್ಲುನೋವಿನವನಂತೆ ಮಫ್ಲರನ್ನು ದವಡೆಗೆ ಸುತ್ತಿ ತಲೆಯ ಮೇಲೆ ಗಂಟು ಹಾಕಿಕೊಂಡಿದ್ದೆ. ಹಾಲಿನಲ್ಲಿ ನನ್ನ ನಂಬರಿನ ಮೇಜು ಕೊನೆಯ ಸಾಲಿನಲ್ಲಿತ್ತು. ಎರಡು ಸಾಲು ಮುಂದೆ, ಎತ್ತರದ, ತಲೆ ತುಂಬ ಕೂದಲಿನವನೊಬ್ಬನ ಬೆನ್ನು ಕಂಡಿತು. ಅವನೇ!

ಮೇಲ್ವಿಚಾರಕರು ಎದ್ದು ನಿಂತು ನಿಯಮಗಳನ್ನು ಓದತೊಡಗಿದರು. ನಾನೂ ಕೇಳುತ್ತಿದ್ದೆ. ಅಷ್ಟರಲ್ಲಿ ನಾಗೇಂದ್ರ ಜೇಬಿನಿಂದ ಪೆನ್ನು ತೆಗೆದ. ಚಿನ್ನದ ಬಣ್ಣದ ಮುಚ್ಚಳ! ಕಳೆದ ಹಬ್ಬದಲ್ಲಿ ಇದು ಅವನ ಹತ್ತಿರ ಇರಲಿಲ್ಲ. ಹಾಗಾದರೆ ಕೊಟ್ಟವರು ಯಾರು? ಮಾವನವರೇ ಇರಬೇಕು. ನನಗೆ ಮಾತ್ರ ಮದುವೆಯಲ್ಲಿ ಒಂದು ಛತ್ರಿ ಕೊಟ್ಟು ಕೈ ತೊಳೆದುಕೊಂಡಿದ್ದರು. ಈ ವಿಚಾರಣೆ ಮುಗಿಯುವ ಹೊತ್ತಿಗೆ ನಿಯಮಗಳೂ ಮುಗಿದಿದ್ದವು. ಗಂಟೆ ಹೊಡೆಯಿತು.

ಮೊದಲ ಭಾಗ ಇಂಗ್ಲಿಷು. ಒಂದು ಪುಟದ ಬರಹವನ್ನು ಮೂರನೇ ಒಂದು ಪಾಲಿಗೆ ಇಳಿಸಿ ಬರೆಯಬೇಕು. ನನ್ನ ಹದಿನೆಂಟು ವರ್ಷದ ಕಸುಬಿನಲ್ಲಿ ಯಾರೂ ಯಾವುದನ್ನೂ ಚಿಕ್ಕದು ಮಾಡಿದ್ದನ್ನು ನಾನು ಕಂಡಿಲ್ಲ. 'ಸದರಿ', 'ಮೇಲ್ಕಂಡ', 'ಈ ಮೂಲಕ' ಎಂಬ ಮಾತುಗಳಿಗೆಲ್ಲ ಇಂಗ್ಲಿಷು ಹುಡುಕಿ ಜೋಡಿಸಿದೆ. ಒಂದು ಪುಟ ಎರಡೂವರೆ ಪುಟಕ್ಕೆ ಇಳಿಯಿತು!

ಸಾಮಾನ್ಯ ಜ್ಞಾನದಲ್ಲಿ ಎರಡು ವರ್ಷದ ಹಿಂದಿನ ಜಗತ್ತನ್ನು ಒಂದು ತಪ್ಪಿಲ್ಲದೆ ಬರೆದುಕೊಟ್ಟೆ. ತರ್ಕ ಮಾತ್ರ ಆಶ್ಚರ್ಯವೆಂಬಂತೆ ಸಲೀಸಾಗಿ ಬಂತು. 'ಎಲ್ಲ ಕಾಗೆಗಳೂ ಕಪ್ಪು' ಎಂಬಂಥ ಪ್ರಶ್ನೆಗಳು. ದಿನವಿಡೀ ಸಂಶಯಪಡುವವನಿಗೆ ತರ್ಕ ಬೇರೆ ಕಲಿಸಬೇಕೆ?

ನಾಲ್ಕನೆಯ ಭಾಗದಲ್ಲಿ ನನ್ನ ಅದೃಷ್ಟದ ಬಾಗಿಲೇ ತೆರೆಯಿತು. ಒಬ್ಬನ ಹಸು ಮತ್ತೊಬ್ಬನ ತೋಟಕ್ಕೆ ನುಗ್ಗಿ ಮೇಯುತ್ತದೆ, ಯಾರು ಹೊಣೆ? ಹೊಣೆಯನ್ನು ಮೂರು ಬಗೆಯಲ್ಲಿ ವಿವರಿಸಿದೆ. ಸಾಲದೆಂದು ತೋಟಕ್ಕೆ ಚಕ್ಕುಬಂದಿಯನ್ನೂ ಹಾಕಿದೆ: ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ಹಿಪ್ಪುನೇರಳೆ ಹೊಲ, ಉತ್ತರಕ್ಕೆ ಕಾಲುವೆ, ದಕ್ಷಿಣಕ್ಕೆ ಹಸುವಿನ ಯಜಮಾನನ ಸ್ವಂತ ಜಮೀನು. ಪ್ರಶ್ನೆಪತ್ರಿಕೆಯಲ್ಲಿ ಇದಾವುದೂ ಇರಲಿಲ್ಲ. ಆದರೆ ಚಕ್ಕುಬಂದಿ ಇಲ್ಲದ ತೋಟವನ್ನು ನನ್ನ ಕೈ ಒಪ್ಪುವುದಿಲ್ಲ.

ಮುಂದೆ ನಾಗೇಂದ್ರ ಎದ್ದು ನಿಂತು, "ಸಾರ್, ಒಂದು ಹಾಳೆ" ಎಂದ.

"ಸಾರ್, ಎರಡು!" ಎಂದೆ ನಾನು, ಮಫ್ಲರಿನ ಒಳಗಿನಿಂದ.

ಅವನು ಮತ್ತೊಂದು ಕೇಳಿದ. ನಾನು ಮತ್ತೆರಡು ಕೇಳಿದೆ. ಮೇಲ್ವಿಚಾರಕರು ಹತ್ತಿರ ಬಂದು, "ಏನ್ರೀ, ಹಲ್ಲುನೋವು ಅಂತೀರ, ಈ ಪಾಟಿ ಬರೀತೀರಲ್ಲ!" ಎಂದರು. ನಾನು ನರಳಿ ತೋರಿಸಿದೆ.

ಹತ್ತು ನಿಮಿಷ ಉಳಿಯಿತು. ಒಳ್ಳೆಯ ನಕಲು ಗುಮಾಸ್ತ ಏನು ಮಾಡಬೇಕೋ ಅದನ್ನೇ ಮಾಡಿದೆ. ಖಾಲಿ ಉಳಿದ ಜಾಗಗಳಿಗೆಲ್ಲ ಯಾರೂ ಆಮೇಲೆ ಏನೂ ಸೇರಿಸದಂತೆ ಅಡ್ಡಗೆರೆ ಎಳೆದೆ. ಪ್ರತಿ ಪುಟದ ಕೆಳಗೆ ಅಚ್ಚ ಕನ್ನಡದಲ್ಲಿ, 'ಈ ಪುಟದಲ್ಲಿ ಹೊಡೆದುಹಾಕಿದ ಮಾತು ಎರಡು, ಸಾಲಿನ ಮೇಲೆ ಸೇರಿಸಿದ ಮಾತು ಒಂದು, ಸರಿ ಇದೆ' ಎಂದು ಷರಾ ಬರೆದೆ. ಷರಾದ ಕೆಳಗೆ ರುಜು. ಒಂದಲ್ಲ, ಎರಡಲ್ಲ, ಇಪ್ಪತ್ತೆರಡು ಪುಟಕ್ಕೂ ಸುರುಳಿ ಸುರುಳಿಯಾದ, ಬಾಲವಿರುವ, ನನ್ನ ಪೂರ್ತಿ ರುಜು! ಹದಿನೆಂಟು ವರ್ಷದಲ್ಲಿ ಇಷ್ಟು ಅಂದವಾಗಿ ಎಂದೂ ಬಂದಿರಲಿಲ್ಲ.

ಒಂದು ತಿಂಗಳ ಮೇಲೆ ಕಾಗದ ಬಂತು. ಸಾವಿತ್ರಿ ಅದನ್ನು ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಆಮೇಲೆ ನನ್ನ ಕೈಗೆ ಕೊಟ್ಟಳು. ಉತ್ತರ ಪುಸ್ತಕದಲ್ಲಿ ನಂಬರಿನ ಹೊರತು ಹೆಸರು, ರುಜು ಅಥವಾ ಯಾವುದೇ ಗುರುತು ಇರಕೂಡದೆಂಬ ನಿಯಮವನ್ನು ಇಪ್ಪತ್ತೆರಡು ಬಾರಿ ಮುರಿದದ್ದರಿಂದ ನನ್ನ ಪರೀಕ್ಷೆಯನ್ನು ರದ್ದುಮಾಡಲಾಗಿತ್ತು. ಕಾಲೇಜಿನವರು ಎಣಿಸಿಯೂ ಇದ್ದರು!

"ರದ್ದು ಅಂದ್ರೆ ಫೇಲಾ?" ಎಂದಳು ಸಾವಿತ್ರಿ.

"ಫೇಲ್ ಅಲ್ಲ ಕಣೇ. ರದ್ದು ಬೇರೆ, ಫೇಲ್ ಬೇರೆ."

"ಎರಡರಲ್ಲಿ ಯಾವುದು ಮೇಲು?"

ತರ್ಕದಲ್ಲಿ ಅಷ್ಟು ಚೆನ್ನಾಗಿ ಬರೆದ ನಾನು ಕಾಗದವನ್ನು ನಾಲ್ಕಾಗಿ ಮಡಿಸಿ ಪಂಚಾಂಗದೊಳಗೆ ಇಟ್ಟೆ. ಆದರೂ ಒಂದು ಸಮಾಧಾನವಿತ್ತು. ಚಿಂತಾಮಣಿಯಿಂದ ಯಾವ ಸುದ್ದಿಯೂ ಬಂದಿರಲಿಲ್ಲ. ಅವನಿಗೂ ಸಿಕ್ಕಿಲ್ಲ! ಹದಿನೈದು ದಿನ ನಾನು ಹೊಟ್ಟೆ ತುಂಬ ಉಂಡೆ.

ಹದಿನಾರನೆಯ ದಿನ ನಾಗೇಂದ್ರ ಶಾರದೆಯನ್ನು ಕರೆದುಕೊಂಡು ಬಂದಿಳಿದ. ಕೈಯಲ್ಲಿ ಮೈಸೂರ್‌ಪಾಕಿನ ಡಬ್ಬ.

"ಸೀಟು ಸಿಕ್ತು ಅಣ್ಣ! ಅದೂ ಹೇಗೆ ಅಂತೀರಾ? ಪಟ್ಟಿಯಲ್ಲಿ ನನ್ನ ಹೆಸರು ಇರ್ಲಿಲ್ಲ. ಇನ್ನೊಂದೇ ಒಂದು ಮಾರ್ಕು ಬಂದಿದ್ರೆ ಇರ್ತಿತ್ತು. ಅಷ್ಟರಲ್ಲಿ ಯಾರೋ ಒಬ್ಬ ಪುಣ್ಯಾತ್ಮ, ಪಾಸಾಗೋ ಮಾರ್ಕು ತೆಗೆದಿದ್ನಂತೆ, ಪುಟಪುಟಕ್ಕೂ ರುಜು ಹಾಕ್ಬಿಟ್ಟಿದ್ನಂತೆ! ಕಾಲೇಜಿನ ಗುಮಾಸ್ತರು ಹೇಳಿ ಹೇಳಿ ನಗ್ತಾ ಇದ್ರು. ಅವನದ್ದು ರದ್ದು, ಆ ಸೀಟು ನನಗೆ!"

ಶಾರದೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ ನಕ್ಕೆ.

"ಅಂಥ ದಡ್ಡರೂ ಇರ್ತಾರಾ ಅಣ್ಣ ಲೋಕದಲ್ಲಿ?"

"ಇರ್ತಾರೆ ಬಿಡಪ್ಪ" ಎಂದಳು ಸಾವಿತ್ರಿ, ನನ್ನನ್ನು ಒಮ್ಮೆ ನೋಡಿ. "ಬೋ ದೂರ ಏನೂ ಇರಲ್ಲ."

ನಾಗೇಂದ್ರ ಡಬ್ಬ ಬಿಚ್ಚಿ ನನ್ನ ಮುಂದೆ ಹಿಡಿದ. "ನಿಜ ಹೇಳ್ಬೇಕು ಅಂದ್ರೆ ಆ ಮಹಾರಾಯನ ವಿಳಾಸ ಹುಡುಕಿ ಮೊದಲನೇ ತುಂಡು ಅವನಿಗೇ ಕೊಡ್ಬೇಕಾಗಿತ್ತು ಅಣ್ಣ!"

ಡಬ್ಬ ಬಿಚ್ಚಿದಾಗಲೇ ಮೊದಲನೆಯದನ್ನು ನಾನು ಎತ್ತಿಕೊಂಡಿದ್ದೆ. ಅವನ ಮಾತು ಮುಗಿಯುವ ಹೊತ್ತಿಗೆ ಎರಡನೆಯ ತುಂಡಿನಲ್ಲಿದ್ದೆ.