ಆಗ್ಲಪ್ಪನಿಗೆ ಕೊಡ್ಲಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಸಾಹೇಬರ ಮನೆಯ ಮಿಕ್ಸಿ. ಆ ಬೆಳಿಗ್ಗೆ ಅದು ಒಂದೇ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ, ನೀರು ಸರಬರಾಜು ಕಚೇರಿಯ ಒಬ್ಬ ಸಾಧು ಗುಮಾಸ್ತ ಹೆಗಲ ಮೇಲೆ ಕೊಡಲಿ ಹೊತ್ತು ಊರೆಲ್ಲ ಸುತ್ತುವ ಗ್ರಹಚಾರ ಬರುತ್ತಿರಲಿಲ್ಲ.

ಆ ಗುಮಾಸ್ತನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಿರುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಆಗ್ಲಪ್ಪ. ಯಾರು ಏನು ಹೇಳಿದರೂ "ಆಗ್ಲಿ ಸಾರ್" ಅನ್ನುತ್ತಿದ್ದುದಕ್ಕೆ ಬಂದ ಬಿರುದು ಅದು. ಹಾಗಂತ ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ ಅಂದುಕೊಳ್ಳಬೇಡಿ. ಹೊಟ್ಟೆಯೊಳಗೆ ಸದಾ ಕುದಿಯುತ್ತಲೇ ಇರುತ್ತಿತ್ತು. ಗಂಟಲು ದಾಟುವಷ್ಟರಲ್ಲಿ ಮಾತ್ರ ಅದು ಹೇಗೋ "ಆಗ್ಲಿ ಸಾರ್" ಆಗಿಬಿಡುತ್ತಿತ್ತು.

ಕುದಿಯದೆ ಇನ್ನೇನು? ಅವನ ಮೇಜು ಇದ್ದದ್ದು ಬಾತ್‌ರೂಮಿನ ಪಕ್ಕದಲ್ಲಿ. ಬಾಗಿಲು ಹೊರಕ್ಕೆ ತೆರೆಯುತ್ತಿತ್ತು, ತೆರೆದಾಗಲೆಲ್ಲ ಅವನ ಬಲ ಮೊಣಕೈಗೆ ಬಡಿಯುತ್ತಿತ್ತು. ಹೊರಗೆ ಬಂದವರು ಒದ್ದೆ ಕೈ ಕೊಡವಿ ಅವನ ಬಿಲ್ಲುಗಳ ಮೇಲೆಲ್ಲ ನೀರು ಚಿಮುಕಿಸಿ, "ಏನ್ ಆಗ್ಲಪ್ಪಾ, ಚೆನ್ನಾಗಿದೀರಾ?" ಅಂತ ಬೇರೆ ಕೇಳುತ್ತಿದ್ದರು. ಚೆನ್ನಾಗಿರುವುದು ಹೇಗೆ ಸ್ವಾಮಿ? ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಹೆಂಡತಿ ಏನು ಕಟ್ಟಿದ್ದಾಳೆ ಅನ್ನುವುದು ಅವನ ಮೂಗಿಗೆ ತಿಳಿಯುತ್ತಲೇ ಇರಲಿಲ್ಲ.

ಕಚೇರಿಯಲ್ಲಿ ಒಂದೇ ಒಂದು ಒಳ್ಳೆಯ ಜಾಗವಿತ್ತು. ಆ ತುದಿಯ ಕಿಟಕಿ ಪಕ್ಕದ ಮೇಜು. ಗಾಳಿ, ಬೆಳಕು, ಎದುರಿಗೊಂದು ಬೇವಿನ ಮರ. ಅಲ್ಲಿದ್ದ ಹಿರಿಯ ಗುಮಾಸ್ತರು ವರ್ಗವಾಗಿ ಹೋದ ಮೇಲೆ ಆಗ್ಲಪ್ಪ ಜೀವಮಾನದಲ್ಲಿ ಮೊದಲ ಸಲ ಬಾಯಿ ಬಿಟ್ಟು ಕೇಳಿದ್ದ. ಸಾಹೇಬರು ಒಳ್ಳೆಯವರು. "ನಾನು ರಿಟೈರ್ ಆಗಿ ಹೋಗೋದ್ರೊಳಗೆ ಇದಕ್ಕೊಂದು ದಾರಿ ಮಾಡ್ತೀನಿ" ಅಂದಿದ್ದರು. ಅಷ್ಟರಲ್ಲಿ ಸೂಪರಿಂಟೆಂಡೆಂಟರು ಆ ಮೇಜಿನ ಮೇಲೆ ತಮ್ಮ ಫ್ಲಾಸ್ಕು ತಂದು ಇಟ್ಟಾಗಿತ್ತು. ನಾಳೆಯಿಂದ ಕಚೇರಿಯೇ ಅವರ ಕೈಗೆ. ಸಾಹೇಬರು ಹೋಗುವುದು ಇವತ್ತು.

"ಇವತ್ತು ಆ ಜಾಗ ಕೇಳದೆ ಮನೆಗೆ ಬಂದ್ರೆ ನೋಡಿ," ಎಂದು ಹೆಂಡತಿ ಬೆಳಿಗ್ಗೆಯೇ ತಾಕೀತು ಮಾಡಿದ್ದಳು. "ಆ ಬಾತ್‌ರೂಮ್ ವಾಸನೆಯ ಅಂಗಿ ಒಗೆದೂ ಒಗೆದೂ ನಂಗೆ ಸಾಕಾಗಿದೆ."

ಆಫೀಸಿಗೆ ಕಾಲಿಡುತ್ತಲೇ ಸೂಪರಿಂಟೆಂಡೆಂಟರು ಹಿಡಿದರು. "ಆಗ್ಲಪ್ಪಾ, ಸಾಹೇಬ್ರಿಗೆ ಉಡುಗೊರೆ ತರೋ ಜವಾಬ್ದಾರಿ ನಿಮ್ದು. ಗೋಡೆ ಗಡಿಯಾರ ಸಾಕು. ಯಾವುದಕ್ಕೂ ಅವರ ಮನೆಯವರನ್ನ ಒಂದು ಮಾತು ಕೇಳಿಬಿಡಿ."

"ಆಗ್ಲಿ ಸಾರ್."

ಫೋನು ಎತ್ತಿದ ಸಾಹೇಬರ ಹೆಂಡತಿಯ ಹಿಂದೆ ಮಿಕ್ಸಿ ಹುಚ್ಚೆದ್ದು ಕಿರುಚುತ್ತಿತ್ತು. ಆಗ್ಲಪ್ಪನೂ ಕಿರುಚಿದ. "ಅಮ್ಮಾ, ಸಾಹೇಬ್ರಿಗೆ ಗಡಿಯಾರ ಕೊಡೋಣ ಅಂತಿದಾರೆ. ಗಡಿಯಾರ ಆಗುತ್ತಾ, ಬೇರೆ ಏನಾದ್ರೂ ಬೇಕಾ?"

"ಕೊಡ್ಲಿ, ಕೊಡ್ಲಿ!" ಅಂದವರೇ ಅವರು ಫೋನು ಇಟ್ಟರು.

ಕೊಡ್ಲಿ! ಆಗ್ಲಪ್ಪನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಸಾಹೇಬರು ಆರು ತಿಂಗಳಿಂದ ಅದನ್ನೇ ಜಪ ಮಾಡುತ್ತಿದ್ದರಲ್ಲ. "ರಿಟೈರ್ ಆದ್ಮೇಲೆ ಬೆಳಿಗ್ಗೆ ಹಿತ್ತಲಲ್ಲಿ ಸೌದೆ ಒಡೆಯೋದು, ಸಂಜೆ ಹಲಗೆಗೆ ಗುರಿ ಇಟ್ಟು ಕೊಡ್ಲಿ ಎಸೆಯೋದು. ಅದು ಕಣ್ರೀ ಬದುಕು!" ಎಂದು ಮೊಬೈಲಿನಲ್ಲಿ ಕೊಡಲಿ ಎಸೆಯುವವರ ವೀಡಿಯೊ ತೋರಿಸಿ, ಕೈ ಬೀಸಿ ತೋರಿಸಲು ಹೋಗಿ ಒಂದು ಸಲ ಕ್ಯಾಷಿಯರಮ್ಮನ ಚಹಾ ಚೆಲ್ಲಿದ್ದರು. ಅದೂ ಅಲ್ಲದೆ ಅಮ್ಮ ಒಂದು ಸಲ ಅಲ್ಲ, ಎರಡು ಸಲ ಹೇಳಿದ್ದರು. ಇನ್ನೇನು ಬೇಕು?

ಕಬ್ಬಿಣದ ಅಂಗಡಿಯವನು ಕೇಳಿದ. "ಸೌದೆ ಒಡೆಯೋಕಾ, ಎಸೆಯೋಕಾ?"

"ಎರಡಕ್ಕೂ."

ಅಂಗಡಿಯವನು ಕನ್ನಡಕ ಹಣೆಗೇರಿಸಿದ. "ಎರಡಕ್ಕೂ ಒಂದೇನಾ? ಒಡೆಯೋದಕ್ಕೆ ತಲೆ ಭಾರ ಇರ್ಬೇಕು, ಅಲಗಿನ ಎರಡೂ ಕೆನ್ನೆ ಉಬ್ಬಿರ್ಬೇಕು. ಆಗ ಒಳಕ್ಕೆ ಹೋದದ್ದು ಸೌದೆನ ಸೀಳಿ ಆಚೆ ಈಚೆ ತಳ್ಳುತ್ತೆ. ಎಸೆಯೋದಕ್ಕೆ ಹಗುರ ಇರ್ಬೇಕು, ಕೆನ್ನೆ ತೆಳ್ಳಗಿರ್ಬೇಕು, ಕೈಯಲ್ಲಿ ಹಿಡಿಯೋ ಕಾವು ನೆಟ್ಟಗಿರ್ಬೇಕು. ನೀವು ಕುಸ್ತಿಗೂ ಡ್ಯಾನ್ಸಿಗೂ ಒಬ್ಬನನ್ನೇ ಕೇಳ್ತಿದೀರಲ್ಲ!"

"ಅವನ ಮಾತು ಬಿಡಿ," ಎಂದು ಮೊಳೆ ಕೊಳ್ಳಲು ಬಂದಿದ್ದ ಬೇಕರಿಯವನು ಮಧ್ಯೆ ಬಾಯಿ ಹಾಕಿದ. ಅವನು ದಿನಾ ಒಲೆಗೆ ಸೌದೆ ಒಡೆಯುವವನು. "ಈ ಬಣ್ಣ ಹೊಡೆದಿರೋದನ್ನ ಮುಟ್ಟಲೇಬೇಡಿ. ಬಣ್ಣದ ಕೆಳಗೆ ಮರದ ಗಂಟು ಮುಚ್ಚಿಟ್ಟಿರ್ತಾರೆ. ಕಾವಿನ ಬುಡ ನೋಡಿ, ಮರದ ಗೆರೆಗಳು ಬಾಯಿ ಕಡೆಗೆ ಉದ್ದಕ್ಕೆ ಓಡ್ಬೇಕು. ಅಡ್ಡ ಓಡಿದ್ರೆ ಎರಡೇ ಏಟಿಗೆ ಮುರಿಯುತ್ತೆ."

"ಎಸೆಯೋ ವಿಷಯ ನಿನಗೇನಯ್ಯಾ ಗೊತ್ತು?" ಎಂದು ಪಕ್ಕದ ಮನೆಯ ಜಗಲಿಯಿಂದ ನಿವೃತ್ತ ಡ್ರಿಲ್ ಮಾಸ್ಟರು ಎದ್ದು ಬಂದರು. "ಮೊದಲು ತಲೆ ಅಲ್ಲಾಡುತ್ತಾ ನೋಡಿ. ಆಮೇಲೆ ಎಸೆದು ನೋಡಿ. ಎಸೆಯದೆ ಕೊಳ್ಳೋದೇ?"

ಮೂವರೂ ಜಗಳಕ್ಕೆ ನಿಂತರು. ಕೊಳ್ಳುವವನನ್ನು ಯಾರೂ ಕೇಳಲಿಲ್ಲ. ನಾನು ಕೊಳ್ಳುವ ಸಾಮಾನಿಗೆ ಇವರ ಪಂಚಾಯಿತಿ ಯಾಕೆ ಎಂದು ಆಗ್ಲಪ್ಪನಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಅವನು ರಾಶಿಯೊಳಗೆ ಕೈ ಹಾಕಿ ಒಂದೊಂದನ್ನೇ ಎತ್ತಿ ನೋಡತೊಡಗಿದ. ಕಾವಿನ ಗೆರೆ ನೋಡಿದ, ಒಂದು ಕಣ್ಣು ಮುಚ್ಚಿ ನೇರ ನೋಡಿದ, ತಲೆ ಅಲ್ಲಾಡಿಸಿದ. ಕೊನೆಗೆ ಒಂದು ಕೈಗೊಡಲಿ ಸಿಕ್ಕಿತು. ಬಹಳ ಭಾರವೂ ಅಲ್ಲ, ಹಗುರವೂ ಅಲ್ಲ. ಕೆನ್ನೆ ಹಿತವಾಗಿ ಉಬ್ಬಿತ್ತು, ಬಾಯಿ ತೆಳ್ಳಗಿತ್ತು, ಕಾವು ಬಣ್ಣವಿಲ್ಲದೆ ನುಣ್ಣಗಿತ್ತು. ಮೂವರೂ ಅದನ್ನು ಕೈಯಿಂದ ಕೈಗೆ ದಾಟಿಸಿ ತಲೆದೂಗಿದರು.

"ಪರವಾಗಿಲ್ಲ ಕಣಯ್ಯಾ," ಎಂದರು ಡ್ರಿಲ್ ಮಾಸ್ಟರು. "ಈಗ ಎಸಿ."

ಇಲ್ಲಿ ಅವನು 'ಆಗಲ್ಲ' ಅನ್ನಬೇಕಿತ್ತು. "ಆಗ್ಲಿ ಸಾರ್" ಅಂದ. ಅಂಗಡಿಯ ಹಿಂದೆ ಒಂದು ಹಳೇ ಹಲಗೆ ನಿಲ್ಲಿಸಿದರು. ಡ್ರಿಲ್ ಮಾಸ್ಟರು "ಒಂದು, ಎರಡು" ಎಣಿಸಿದರು. ಕೊಡಲಿ ಹಲಗೆಯನ್ನು ಬಿಟ್ಟು, ಬೇಲಿ ಹಾರಿ, ಹಿಂದಿನ ಮನೆಯ ಬಟ್ಟೆ ಒಣಹಾಕುವ ಹಗ್ಗವನ್ನು ಕಚಕ್ಕನೆ ಕತ್ತರಿಸಿ ನೆಲಕ್ಕೆ ಬಿತ್ತು. ಬಾಯಿ ಎಷ್ಟು ಹರಿತವಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮೂರು ಹೊದಿಕೆ, ಎರಡು ಪರದೆ ಕೆಸರಿನಲ್ಲಿ ಬಿದ್ದವು.

"ಯಾವನವನು?" ಎಂದು ಆ ಮನೆಯ ಅಜ್ಜಿ ಕೈಯಲ್ಲಿ ಬಕೆಟ್ ಹಿಡಿದು ಬಂದರು. ಆಗ್ಲಪ್ಪ ತಿರುಗಿ ನೋಡಿದ. ಸಲಹೆ ಕೊಟ್ಟ ಮೂರು ಮಹಾನುಭಾವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

"ಒಗೆದು ಕೊಟ್ಟು ಹೋಗು."

"ಆಗ್ಲಿ ಅಜ್ಜೀ."

ಒಗೆದು, ಹಿಂಡಿ, ಹಗ್ಗ ಗಂಟು ಹಾಕಿ ಹೊರಡುವಷ್ಟರಲ್ಲಿ ಪ್ಯಾಂಟು ಮೊಣಕಾಲಿನ ತನಕ ಒದ್ದೆ. ಬಸ್ಸಿನ ಕಂಡಕ್ಟರು ಕೊಡಲಿ ನೋಡಿ, "ಇದನ್ನ ಇಟ್ಕೊಂಡು ಹತ್ತೋ ಹಾಗಿಲ್ಲ, ಇಳೀರಿ" ಅಂದ. ನಡೆದದ್ದಾಯಿತು. ಒಂದೇ ಒಂದು ಸಮಾಧಾನವೆಂದರೆ, ದಿನಾ ಕೌಂಟರಿನಲ್ಲಿ ಅವನ ಮೇಲೆ ಹರಿಹಾಯುತ್ತಿದ್ದ ಜನ ಅವತ್ತು ಅವನು ಒದ್ದೆ ಪ್ಯಾಂಟಿನಲ್ಲಿ, ಕೆಂಪು ಕಣ್ಣಿನಲ್ಲಿ, ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಬಂದದ್ದು ನೋಡಿ ತೆಪ್ಪಗೆ ಸಾಲಾಗಿ ನಿಂತು, ಬಿಲ್ಲು ಜಾಸ್ತಿ ಬಂದಿದೆ ಅನ್ನದೆ ಕಟ್ಟಿ ಹೋದರು.

ಸಂಜೆ ಬೀಳ್ಕೊಡುಗೆ. ಭಾಷಣ ಮುಗಿಯಿತು. ಸಾಹೇಬರು ಬಣ್ಣದ ಕಾಗದ ಬಿಚ್ಚಿದರು. ಅವರ ಮುಖ ಅರಳಿದ ಪರಿ ನೋಡಿ ಆಗ್ಲಪ್ಪನಿಗೆ ಬೆಳಗಿನ ಕಷ್ಟವೆಲ್ಲ ಮರೆತೇ ಹೋಯಿತು.

"ಅಯ್ಯೋ, ಕೊಡಲಿ!" ಎಂದು ಅವರ ಹೆಂಡತಿ ಕುರ್ಚಿಯಿಂದ ಎದ್ದುಬಿಟ್ಟರು. "ಇದನ್ನ ಯಾರ್ರೀ ತರೋಕೆ ಹೇಳಿದ್ದು?"

"ನೀವೇ ಅಲ್ವಾ ಅಮ್ಮಾ? ಕೊಡ್ಲಿ ಕೊಡ್ಲಿ ಅಂದ್ರಿ..."

"ಗಡಿಯಾರಾನೇ ಕೊಡ್ಲಿ ಅಂದೆ ಕಣಪ್ಪಾ! ಈ ಮಹರಾಯರು ಹೋದ ತಿಂಗಳು ಕೊಡಲಿ ಎಸೆದು ನೀರಿನ ಟ್ಯಾಂಕು ಒಡೆದಿದಾರೆ. ಇದ್ದದ್ದನ್ನ ನಾನೇ ಗುಜರಿಗೆ ಹಾಕಿದೀನಿ. ಇದು ನಮ್ಮನೆ ಹೊಸಿಲು ದಾಟಕೂಡದು!"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಸೂಪರಿಂಟೆಂಡೆಂಟರು ಫ್ಲಾಸ್ಕಿನ ಮುಚ್ಚಳ ಬಡಿದು ನಕ್ಕರು. ಒಂದು ಪದ ನೆಟ್ಟಗೆ ಕೇಳಿಸಿಕೊಳ್ಳಲಾರದ ಮನುಷ್ಯ ಎಂದು ಕ್ಯಾಷಿಯರಮ್ಮ ಕಣ್ಣೊರೆಸಿಕೊಂಡರು. ಆಗ್ಲಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಿಕ್ಸಿ ಇವರದು, ಮಾತು ಇವರದು, ನಗೆಪಾಟಲಾಗುವುದು ನಾನೇ?

ನಗದಿದ್ದವರು ಸಾಹೇಬರು ಒಬ್ಬರೇ. ಅವರು ಕಾವಿನ ಗೆರೆ ನೋಡಿದರು, ಒಂದು ಕಣ್ಣು ಮುಚ್ಚಿ ನೇರ ನೋಡಿದರು. "ಎಷ್ಟು ಚೆನ್ನಾಗಿ ಆರಿಸಿದ್ದೀರಿ ಕಣ್ರೀ," ಎಂದು ಮೆಲ್ಲಗೆ ಹೇಳಿ, ಮಗುವನ್ನು ಮಲಗಿಸುವ ಹಾಗೆ ಕೊಡಲಿಯನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲೆ ಇಟ್ಟರು. ಆಗ್ಲಪ್ಪನೂ ಕ್ಯಾಷಿಯರಮ್ಮನೂ ಕಾರಿನ ತನಕ ಕಳಿಸಲು ಹೋದಾಗ ಅವರು ಆಗ್ಲಪ್ಪನ ಕೈ ಹಿಡಿದುಕೊಂಡರು. "ನಿಮ್ಮ ಜಾಗದ ವಿಷಯ ಮರೆತಿಲ್ಲ ಕಣ್ರೀ." ಕಾರು ಹೊರಟೇಬಿಟ್ಟಿತ್ತು. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕ್ಯಾಷಿಯರಮ್ಮನಿಗೆ ಕೂಗಿದರು. "ಸೂಪರಿಂಟೆಂಡೆಂಟ್‌ಗೆ ಹೇಳಿಬಿಡಿ, ಆಗ್ಲಪ್ಪನಿಗೇ ಕೊಡ್ಲಿ ಅಂತ!"

ಆಗ್ಲಪ್ಪನಿಗೆ ಬೇವಿನ ಗಾಳಿ ಆಗಲೇ ಮುಖಕ್ಕೆ ಬಡಿದಂತಾಯಿತು. ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ.

ಕ್ಯಾಷಿಯರಮ್ಮ ಚಾಚೂ ತಪ್ಪದೆ ಹೇಳಿದರು. "ಸಾಹೇಬ್ರು ಹೇಳಿದ್ರು ಸಾರ್. ಆಗ್ಲಪ್ಪನಿಗೇ ಕೊಡ್ಲಿ ಅಂತೆ."

"ಸರಿ ಬಿಡಿ, ನಮಗ್ಯಾಕೆ ಅದು," ಎಂದು ಸೂಪರಿಂಟೆಂಡೆಂಟರು ಕೊಡಲಿಯನ್ನು ಎತ್ತಿ ಆಗ್ಲಪ್ಪನ ಕೈಗಿಟ್ಟರು. "ತಗೊಳ್ಳಿ ನಿಮ್ಮ ಕೊಡ್ಲಿ."

"ಇದಲ್ಲ ಸಾರ್! ಅವರು ಹೇಳಿದ್ದು ಜಾಗ. ಜಾಗ ನನಗೆ ಕೊಡ್ಲಿ ಅಂತ!"

"ಜಾಗ ಅನ್ನೋ ಮಾತು ಬಂತೇನಮ್ಮಾ?"

"ಇಲ್ಲ ಸಾರ್. ಬರೀ ಕೊಡ್ಲಿ ಅಂದ್ರು."

ಆಗ್ಲಪ್ಪನ ಹೊಟ್ಟೆಯಲ್ಲಿ ಇಷ್ಟು ವರ್ಷ ಕುದ್ದದ್ದೆಲ್ಲ ಮೊದಲ ಸಲ ಗಂಟಲು ದಾಟಿತು. "ಅದು ಕೊಡ್ಲಿ ಅಲ್ಲ ಸಾರ್, ಕೊಡ್ಲಿ! ಕೊಡ್ಲಿ ಬೇರೆ, ಕೊಡ್ಲಿ ಬೇರೆ!"

"ಬೆಳಿಗ್ಗೆ ನೀವೇ ತಾನೆ ಕೊಡ್ಲಿ ಅಂದ್ರೆ ಕೊಡ್ಲಿ ಅಂತ ಹೋಗಿ ತಂದದ್ದು? ಸಂಜೆ ಹೊತ್ತಿಗೆ ವ್ಯಾಕರಣ ಬದಲಾಯ್ತಾ? ಆಯ್ತಪ್ಪಾ, ನಿಮ್ಮ ಸಮಾಧಾನಕ್ಕೆ ಅವರನ್ನೇ ಕೇಳೋಣ." ಸೂಪರಿಂಟೆಂಡೆಂಟರು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಫೋನು ಮಾಡಿದರು. ಎತ್ತಿದ್ದು ಸಾಹೇಬರ ಹೆಂಡತಿ.

"ಅಮ್ಮಾ, ಆಗ್ಲಪ್ಪನಿಗೆ ಕೊಡ್ಲಿ ತಾನೆ?"

"ಹೂಂ, ಕೊಡ್ಲಿ, ಕೊಡ್ಲಿ!" ಎಂದು ಅವರು ಫೋನು ಇಟ್ಟರು.

"ಕೇಳಿದ್ರಲ್ಲ, ಎರಡೆರಡು ಸಲ ಹೇಳಿದ್ರು," ಎಂದು ಸೂಪರಿಂಟೆಂಡೆಂಟರು ಕಿಟಕಿ ಪಕ್ಕ ಹೋಗಿ ಕೂತು ಫ್ಲಾಸ್ಕು ಬಿಚ್ಚಿದರು.

ಆಗ್ಲಪ್ಪ ತನ್ನ ಮೇಜಿಗೆ ಬಂದು ಕುಸಿದ. ಬಾಗಿಲು ಮೊಣಕೈಗೆ ಬಡಿಯಿತು. ಸೂಪರಿಂಟೆಂಡೆಂಟರಿಗೆ ಅವನ ಮುಖ ನೋಡಿ ಒಂಚೂರು ಕರುಣೆ ಬಂದಿರಬೇಕು. ಎದ್ದು ಬಂದರು.

"ಇಷ್ಟಕ್ಕೂ ನಿಮ್ಮ ತೊಂದ್ರೆ ಈ ಬಾಗಿಲು ಬಡಿಯೋದು ತಾನೆ? ಕೊಡಿ ಇಲ್ಲಿ." ಬಾಗಿಲನ್ನು ಪೂರ್ತಿ ತೆರೆದು, ಕೊಡಲಿಯನ್ನು ಅದರ ಕೆಳಗೆ ಸಿಕ್ಕಿಸಿ, ಬೂಟುಕಾಲಿನಿಂದ ಒಂದು ಒದೆ ಕೊಟ್ಟರು. ಉಬ್ಬಿದ ಕೆನ್ನೆ ಗಟ್ಟಿಯಾಗಿ ಕಚ್ಚಿಕೊಂಡಿತು. ಎಷ್ಟೆಂದರೂ ಹುಡುಕಿ ಹುಡುಕಿ ಆರಿಸಿದ ಕೊಡಲಿ.

"ಇನ್ಮೇಲೆ ಹೀಗೇ ಇರ್ಲಿ, ಯಾರೂ ತೆಗೆಯೋದು ಬೇಡ. ಒಳಗೆ ಹೋಗೋರು ಒಂದು ಸಲ ಕೆಮ್ಮಿ ಹೋಗ್ಲಿ. ಏನಂತೀರಿ ಆಗ್ಲಪ್ಪಾ?"

ಬಾಗಿಲು ಬಡಿಯುವುದು ನಿಂತಿತು. ಮುಚ್ಚುವುದೂ ನಿಂತಿತು. ಒಳಗಿನ ಗಾಳಿ ಯಾವ ಅಡ್ಡಿಯೂ ಇಲ್ಲದೆ ಸೀದಾ ಬಂದು ಅವನ ಮುಖಕ್ಕೆ ಬಡಿಯಿತು. ಆಗ್ಲಪ್ಪ ಕೊಡಲಿಯನ್ನು ನೋಡಿದ, ಸೂಪರಿಂಟೆಂಡೆಂಟರ ಬೋಳುತಲೆಯನ್ನು ನೋಡಿದ, ಮತ್ತೆ ಕೊಡಲಿಯನ್ನು ನೋಡಿ ಉಸಿರು ಬಿಗಿಹಿಡಿದ.

"ಆಗ್ಲಿ ಸಾರ್," ಅಂದ.