ಮಾವನವರ ಪಡಸಾಲೆಯ ಹುಲಿ

ಸ್ವರ್ಗವನ್ನು ಕಂಡು ಬಂದವರು ಯಾರೂ ಇಲ್ಲ. ಆದರೂ ಅದನ್ನು ಬಣ್ಣಿಸುವವರನ್ನು 'ನೀವು ಹೋಗಿದ್ರಾ?' ಎಂದು ಯಾರೂ ಕೇಳುವುದಿಲ್ಲ. ನಾನು ಕಾಡಿನ ಚಿತ್ರ ಬರೆದರೆ ಮಾತ್ರ ಎಲ್ಲರದೂ ಅದೇ ಪ್ರಶ್ನೆ. ಹೋಗಿಲ್ಲ, ನಿಜ. ನನಗೆ ಜಿಗಣೆ ಎಂದರೆ ಆಗುವುದಿಲ್ಲ. ಶಿಕಾರಿಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಸೀರೆ ಬಂದ ರಟ್ಟಿನ ಡಬ್ಬಿಗಳ ಮೇಲೆ ಬರೆದು ಬರೆದು ಕೈ ಪಳಗಿಸಿಕೊಂಡವನು ನಾನು. ನನ್ನ ಕಾಡು ಬೆಳೆದದ್ದೂ ಅಂಗಡಿಯಲ್ಲೇ. ಹುಲಿ, ಚಳಿಗಾಲದಲ್ಲಿ ಮಾರುವ ದಪ್ಪ ರಗ್ಗಿನಿಂದ ಎದ್ದು ಬಂತು. ಗಿಳಿ, ನವಿಲುಗಳು ಸೀರೆಯ ಸೆರಗಿನಿಂದ ಹಾರಿ ಬಂದವು. ಆನೆಯ ಕಿವಿಯಷ್ಟು ಅಗಲದ ಎಲೆಗಳು ನನ್ನ ಹೆಂಡತಿ ಗಿರಿಜೆಯ ಕ್ರೋಟನ್ ಕುಂಡದವು. ಸಿಂಹ ಮಾತ್ರ ಬಳ್ಳಿಗಾವಿಯ ದೇವಸ್ಥಾನದ ಕಲ್ಲಿನದು. ಹಾಗಾಗಿ ನನ್ನ ಸಿಂಹಗಳಿಗೆಲ್ಲ ಗುಂಗುರು ಕೂದಲು, ಅರ್ಧ ನಗು. ಇಷ್ಟು ದಟ್ಟವಾದ ಕಾಡು ಸರ್ಕಾರದ ಬಳಿಯೂ ಇಲ್ಲ ಎಂಬುದು ನನ್ನ ದೃಢ ನಂಬಿಕೆ.

ಈ ನಂಬಿಕೆ ಇಲ್ಲದಿದ್ದವರು ನನ್ನ ಮಾವನವರು. ಸೊರಬದ ಕಡೆ ಕುಪ್ಪಗಡ್ಡೆಯಲ್ಲಿ ಬೇಸಾಯ ಮಾಡುವ ಅವರ ಪ್ರಕಾರ ಚಿತ್ರ ಬರೆಯುವುದು ಇಸ್ಪೀಟಿಗಿಂತ ಒಂದು ಮೆಟ್ಟಿಲಷ್ಟೇ ಮೇಲಿನ ಚಟ. ಮದುವೆಯಾದಾಗಿನಿಂದ ಅವರು ನನ್ನೊಂದಿಗೆ ಮಳೆ ಮತ್ತು ಎಮ್ಮೆ ಬಿಟ್ಟು ಬೇರೆ ವಿಷಯ ಮಾತಾಡಿದವರಲ್ಲ. ಅವರು ಹೊಸ ಮನೆ ಕಟ್ಟಿಸಿದಾಗ, ಪಡಸಾಲೆಯ ದೊಡ್ಡ ಗೋಡೆಗೆ ಅಳಿಯಂದಿರೇ ಚಿತ್ರ ಬರೆಯಲಿ ಎಂದು ಅತ್ತೆಯವರು ಹಟ ಹಿಡಿದರು. ಮಾವನವರು ಬೇಡ ಎನ್ನಲಿಲ್ಲ. "ಬರೀಲಿ ಬಿಡು. ಸರಿ ಕಾಣ್ಲಿಲ್ಲ ಅಂದ್ರೆ ಸುಣ್ಣ ಹೊಡಿಯಕ್ಕೆ ನಂಗೆ ಬರ್ತದೆ" ಎಂದರಂತೆ.

ಗಿರಿಜೆ ಹೆದರಿದಳು. "ಸುಮ್ನೆ ದೇವ್ರ ಚಿತ್ರ ಬರೀರಿ. ದೇವ್ರ ಮೇಲೆ ಅಪ್ಪ ಸುಣ್ಣ ಹೊಡಿಯಲ್ಲ" ಎಂದು ಉಪಾಯ ಹೇಳಿಕೊಟ್ಟಳು. ಕಲಾವಿದನಾದವನು ದೇವರ ಬೆನ್ನ ಹಿಂದೆ ಅಡಗಿಕೊಳ್ಳುವುದೇ? ನಾನು ಕಾಡನ್ನೇ ಬರೆದೆ.

ಅಂಗಡಿಗೆ ರಜೆ ಇದ್ದಾಗಲೆಲ್ಲ ಹೋಗಿ ಏಣಿ ಹತ್ತುತ್ತಿದ್ದೆ. ಮಾವನವರು ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಬೆನ್ನು ಬಿಸಿಯಾಗುತ್ತಿತ್ತು. ಆಗಾಗ ತಿರುಗಿ ಅವರ ಮುಖ ನೋಡುವುದು, ಏನೂ ತಿಳಿಯದೆ ಮತ್ತೆ ಗೋಡೆಗೆ ತಿರುಗಿ ಹುಲಿಯನ್ನು ತಿದ್ದುವುದು, ಇದೇ ಆಯಿತು. ಕೊನೆಗೊಂದು ದಿನ ಚಿತ್ರ ಮುಗಿಯಿತು. ಕಾಫಿ ತಂದ ಅತ್ತೆಯವರು ನಡುವೆಯೇ ನಿಂತರು. ಗೋಡೆ ನೋಡಿದರು, ಕುರ್ಚಿ ನೋಡಿದರು, ಮತ್ತೆ ಗೋಡೆ ನೋಡಿದರು.

"ಅಳಿಯಂದಿರೇ, ಹುಲಿ ಥೇಟ್ ಇವ್ರ ಹಂಗೇ ಅದೆ ಅಲ್ರೀ?"

ಗಿರಿಜೆ ಬಾಯಿಗೆ ಸೆರಗು ಹಿಡಿದಳು. ಆಗ ನಾನೂ ನೋಡಿದೆ. ಅದೇ ಪೊದೆ ಹುಬ್ಬು, ಅದೇ ಇಳಿಬಿದ್ದ ಮೀಸೆ, ಎಮ್ಮೆ ಗದ್ದೆಗೆ ನುಗ್ಗಿದಾಗ ಆಳಿನತ್ತ ಬೀರುವ ಅದೇ ನೋಟ. ರಗ್ಗಿನ ಹುಲಿ ಯಾವಾಗಲೋ ಎದ್ದು ಹೋಗಿ ಆ ಜಾಗದಲ್ಲಿ ಮಾವನವರು ಪಟ್ಟೆ ಹೊದ್ದು ಕುಳಿತಿದ್ದರು. ನನ್ನ ಕಣ್ಣ ಮುಂದೆ ಸುಣ್ಣದ ಬಕೀಟು ಸುಳಿಯಿತು.

ಮಾವನವರು ಎದ್ದರು. ಕೈ ತೊಳೆಯುವ ಬೇಸಿನ್ನಿನ ಮೇಲಿನ ಕನ್ನಡಿಯ ಹತ್ತಿರ ಹೋಗಿ ಬಲಗಡೆಯಿಂದ ಒಮ್ಮೆ, ಎಡಗಡೆಯಿಂದ ಒಮ್ಮೆ ನೋಡಿಕೊಂಡು ಬಂದರು.

"ಮೀಸೆ ಇನ್ನೊಂಚೂರು ದಪ್ಪ ಇರ್ಲಿ" ಎಂದರು.

ಅಷ್ಟು ಹೇಳಿ ಕುರ್ಚಿಯನ್ನು ಎಳೆದು ಹುಲಿಯ ಕೆಳಗೇ ಹಾಕಿಕೊಂಡು ಕುಳಿತರು. ನಾನು ಏಣಿಯ ಮೇಲೆ, ಜೀವ ಬಂದವನಂತೆ, ಮೀಸೆ ದಪ್ಪ ಮಾಡಿದೆ.

ಗೃಹಪ್ರವೇಶಕ್ಕೆ ಬಂದವರೆಲ್ಲ ಒಮ್ಮೆ ಹುಲಿಯನ್ನು, ಒಮ್ಮೆ ಅದರ ಕೆಳಗೆ ಕುಳಿತ ಮಾವನವರನ್ನು ನೋಡಿ ನಮಸ್ಕಾರ ಹೇಳಿ ಒಳಗೆ ಹೋಗುತ್ತಿದ್ದರು. ಸೊರಬದಿಂದ ಬಂದಿದ್ದ ಡ್ರಾಯಿಂಗ್ ಮೇಷ್ಟ್ರೊಬ್ಬರು ಮಾತ್ರ ಬಹಳ ಹೊತ್ತು ನಿಂತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಕಲೆಯ ಮೇಲೆ ಮುಖ್ಯವಾಗಿ ಯಾರ ಪ್ರಭಾವ ಆಗಿದೆ ಎಂದು ಗಂಭೀರವಾಗಿ ವಿಚಾರಿಸಿದರು. ಎಷ್ಟು ವರ್ಷಗಳಿಂದ ಕಾದಿದ್ದೆ ಈ ಪ್ರಶ್ನೆಗೆ! ಗಂಟಲು ಸರಿ ಮಾಡಿಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ಕುರ್ಚಿಯಿಂದ ಉತ್ತರ ಬಂತು.

"ಯಾರ್ದು ಅಂತ ಏನು ಕೇಳ್ತೀರಿ ಮೇಷ್ಟ್ರೇ? ನಂದೇ."

ಮೇಷ್ಟ್ರು ಹುಲಿಯನ್ನು ಇನ್ನೊಮ್ಮೆ ನೋಡಿ, ಒಪ್ಪಿಗೆಯಾಯಿತೆಂಬಂತೆ ತಲೆಯಾಡಿಸಿದರು. ಕಲೆಯ ವಿಷಯದಲ್ಲಿ ನಾನು ಯಾರಿಗೂ ಸೋಲುವವನಲ್ಲ. ಆದರೆ ಅತ್ತ ಊಟದ ಪಂಕ್ತಿ ಕೂತಿತ್ತು. ಅಳಿಯನಾದವನು ಕೋಸಂಬರಿ ಬಡಿಸದೆ ವಾದಕ್ಕೆ ನಿಲ್ಲುವುದು ಚೆನ್ನಾಗಿರುವುದಿಲ್ಲ ಎಂದು ಒಳಗೆ ಹೋದೆ.